ನೂರರ ಪೆಟ್ರೋಲು, ತೊಂಬತ್ತೊಂದರ ಗಾಡಿ

ಕಳೆದ ತಿಂಗಳು ಇದೇ ಅಂಕಣದಲ್ಲಿ ಕರ್ನಾಟಕದ ಗಾಡಿಯನ್ನು ಕೇರಳಕ್ಕೆ ತಂದು ಮರುನೋಂದಣಿ ಮಾಡಿಸಿದ ಕಥೆ ಬರೆದಿದ್ದೆ. ಎನ್‌ಒಸಿ, ರಸ್ತೆ ತೆರಿಗೆ, ಆರ್‌ಟಿಒ ಕಚೇರಿಯ ಮೆಟ್ಟಿಲು, ಎಲ್ಲವನ್ನೂ ತಾಳ್ಮೆಯಿಂದ ಓದಿದ ಕೆಲವರು ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ಕಷ್ಟಪಟ್ಟು ತಂದ ಗಾಡಿ ಈಗ ಹೇಗೆ ಓಡ್ತಾ ಇದೆ?"

ಈಗ ಚೆನ್ನಾಗಿಯೇ ಓಡುತ್ತಿದೆ. ಆದರೆ ನಡುವೆ ನಾಲ್ಕು ತಿಂಗಳು ಅದನ್ನು ನಾನೇ ಕೈಯಾರೆ ಹಾಳು ಮಾಡುತ್ತಿದ್ದೆ, ಅದೂ ಅತ್ಯಂತ ದುಬಾರಿ ಪೆಟ್ರೋಲು ಕುಡಿಸಿ. ಆ ಕಥೆಯನ್ನು ಈ ತಿಂಗಳು ಹೇಳುತ್ತೇನೆ. ಬಂಕಿನಲ್ಲಿ "ನಾರ್ಮಲ್ಲೋ, ಪ್ರೀಮಿಯಮ್ಮೋ?" ಎಂಬ ಪ್ರಶ್ನೆಗೆ ಅರೆಕ್ಷಣ ತಡವರಿಸುವವರಲ್ಲಿ ನೀವೂ ಒಬ್ಬರಾಗಿದ್ದರೆ ನಿಮ್ಮ ಜೇಬಿಗೂ ಉಪಯೋಗವಾದೀತು.

ಹೊಸ ಓದುಗರಿಗೆ ನಮ್ಮ ಮನೆಯ ಭೂಗೋಳ ಹೇಳಬೇಕು. ನನ್ನ ಕೆಲಸ ಕೊಚ್ಚಿಯ ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ. ಹೆಂಡತಿಯ ಕೆಲಸ ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ. ಮಗಳ ಶಾಲೆಯೂ ಅಲ್ಲೇ ಆದ್ದರಿಂದ ಮನೆ ಕಳಕೂಟ್ಟಂನಲ್ಲಿ; ನಾನು ಕಾಕ್ಕನಾಡಿನಲ್ಲಿ ಒಂದು ಕೋಣೆಯ ಫ್ಲ್ಯಾಟಿನ ಒಂಟಿ ಗೃಹಸ್ಥ. ಶುಕ್ರವಾರ ಸಂಜೆ ಇಲ್ಲಿಂದ ಹೊರಟರೆ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರ್, ಭಾನುವಾರ ರಾತ್ರಿ ಮತ್ತೆ ಇನ್ನೂರು. ರೈಲಿದೆ, ಆದರೆ ಶುಕ್ರವಾರದ ರೈಲಿನಲ್ಲಿ ಸೀಟು ಸಿಗುವುದು ಅದೃಷ್ಟವಂತರಿಗೆ. ಹಾಗಾಗಿ ಗಾಡಿ.

ಗಾಡಿ ಅಪ್ಪಯ್ಯನದು. 2011ರಲ್ಲಿ ಅವರು ನಿವೃತ್ತಿಯ ದುಡ್ಡಿನಲ್ಲಿ ಕೊಂಡ ಸಣ್ಣ ಪೆಟ್ರೋಲ್ ಕಾರು. ಸಾಗರದ ಮನೆಯ ಅಂಗಳದಲ್ಲಿ ಅದಕ್ಕೊಂದು ಶೀಟಿನ ಮಾಡು, ಮಾಡಿನ ಕೆಳಗೆ ಹಳೆಯ ಪಂಚೆಯ ಹೊದಿಕೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದ ಮೇಲೆ ಅವರು ಕೀಲಿಯನ್ನು ನನ್ನ ಕೈಗಿಟ್ಟು, "ಮಾರೋದಾದ್ರೆ ನನಗೆ ಹೇಳ್ಬೇಡ" ಎಂದಷ್ಟೇ ಹೇಳಿದ್ದರು. ಮಾರುವ ಯೋಚನೆ ನನಗೂ ಇರಲಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಶಬ್ದ ಶುರುವಾಯಿತು. ಕೊಚ್ಚಿಯಿಂದ ತಿರುವನಂತಪುರಕ್ಕೆ ಎರಡು ದಾರಿ. ಒಂದು ಆಲಪ್ಪುಳ, ಕೊಲ್ಲಂ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 66. ಸಮುದ್ರದ ಮಗ್ಗುಲಲ್ಲಿ ಹೆಚ್ಚಿನಂಶ ಸಪಾಟು. ಇನ್ನೊಂದು ಕೋಟ್ಟಯಂ, ಅಡೂರು, ಕೊಟ್ಟಾರಕ್ಕರ ಮೇಲಿನ ಎಂ.ಸಿ. ರೋಡ್, ನಮ್ಮ ಮಲೆನಾಡಿನ ಹಾಗೆ ಏರು, ಇಳಿತ, ತಿರುವು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿರುವುದರಿಂದ ನಾನು ಆಗಾಗ ಎರಡನೆಯ ದಾರಿ ಹಿಡಿಯುತ್ತೇನೆ. ಕಿಳಿಮಾನೂರಿನ ಹತ್ತಿರ ಒಂದು ಏರಿನಲ್ಲಿ, ಮುಂದೆ ಸರ್ಕಾರಿ ಬಸ್ಸು, ನಾನು ಮೂರನೇ ಗೇರು, ಎಸಿ ಹಾಕಿದೆ. ಬಾನೆಟ್ಟಿನ ಕೆಳಗಿಂದ ತಗಡಿನ ಡಬ್ಬಿಗೆ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಶಬ್ದ. ಆಕ್ಸಿಲರೇಟರ್ ಬಿಟ್ಟರೆ ನಿಂತಿತು, ಒತ್ತಿದರೆ ಮತ್ತೆ ಬಂತು. ಎಂಜಿನ್ ಕುಟ್ಟುತ್ತಿತ್ತು. ಮೆಕ್ಯಾನಿಕ್‌ಗಳ ಭಾಷೆಯಲ್ಲಿ ನಾಕಿಂಗ್.

ಸೋಮವಾರ ಆಫೀಸಿನ ಚಹಾದ ಹೊತ್ತಿಗೆ ಇದನ್ನು ಹೇಳಿದೆ. ಐದು ಜನ ಇದ್ದರು, ಐದೂ ಜನ ತಜ್ಞರು. "ಇ20 ಪೆಟ್ರೋಲ್ ಬಂದಿದೆಯಲ್ಲ, ಅದರಲ್ಲಿ ಶೇಕಡ 20 ಎಥನಾಲ್. ಹಳೇ ಗಾಡಿಗೆ ಅದು ವಿಷ" ಎಂದ ಒಬ್ಬ. ಇನ್ನೊಬ್ಬ, "ಎಥನಾಲ್ ಬಿಡು, ಆಕ್ಟೇನ್ ಸಾಲ್ತಾ ಇಲ್ಲ. ನೂರರದ್ದು ಹಾಕಿ ನೋಡು, ಗಾಡಿ ಹೊಸದರ ಹಾಗೆ ಹೋಗುತ್ತೆ" ಎಂದ. ಬಂಕಿನ ಹುಡುಗನೂ ನೂರು ಅಂದರೆ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದ ಹಾಗೆ ಎಂಬ ಮುಖ ಮಾಡಿದ. ಮೇ ತಿಂಗಳ ಮೊದಲ ಶುಕ್ರವಾರ ಟ್ಯಾಂಕ್ ತುಂಬ 100 ಆಕ್ಟೇನ್ ಹಾಕಿಸಿದೆ. ಲೀಟರಿಗೆ ಸಾಮಾನ್ಯ ಪೆಟ್ರೋಲಿಗಿಂತ ಐವತ್ತು ರೂಪಾಯಿಗೂ ಹೆಚ್ಚು.

ಶಬ್ದ ನಿಂತಿತು! ಅದೇ ಏರು, ಅದೇ ಮೂರನೇ ಗೇರು, ಕಟಕಟ ಇಲ್ಲ. ದುಡ್ಡು ಕೊಟ್ಟರೆ ಎಲ್ಲದಕ್ಕೂ ಪರಿಹಾರ ಇದೆ ಎಂದು ಬೀಗುತ್ತ ಮನೆ ತಲುಪಿದೆ.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ ಆಕ್ಟೇನ್ ಎಂದರೇನು ಎಂದು ಹೇಳಬೇಕು. ನನಗೆ ಅದು ಗೊತ್ತಿದ್ದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ನಮ್ಮಲ್ಲಿ ಬಹಳ ಜನ ಆಕ್ಟೇನ್ ಎಂದರೆ ಪೆಟ್ರೋಲಿನ ಶಕ್ತಿ ಎಂದುಕೊಂಡಿದ್ದೇವೆ. ಅಲ್ಲ. ಅದು ಪೆಟ್ರೋಲಿನ ತಾಳ್ಮೆ. ಮದುವೆ ಮನೆಯ ಪಂಕ್ತಿ ಊಟ ನೆನಪು ಮಾಡಿಕೊಳ್ಳಿ. ಬಡಿಸುವವರು ಎಲೆಯ ಸಾಲಿನ ಒಂದು ತುದಿಯಿಂದ ಬರುತ್ತಾರೆ, ಎಲ್ಲರೂ ಕಾಯುತ್ತಾರೆ, ಹಿರಿಯರು ಸೂಚನೆ ಕೊಟ್ಟ ಮೇಲೆ ಕ್ರಮವಾಗಿ ಊಟ ಸಾಗುತ್ತದೆ. ಎಂಜಿನ್ನಿನ ಸಿಲಿಂಡರಿನಲ್ಲೂ ಹಾಗೆಯೇ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ, ಒತ್ತಿದ್ದಕ್ಕೆ ಅದು ಬಿಸಿಯಾಗುತ್ತದೆ. ಸ್ಪಾರ್ಕ್ ಪ್ಲಗ್ಗಿನ ಕಿಡಿ ಬಿದ್ದ ಮೇಲೆ ಬೆಂಕಿ ಅಲ್ಲಿಂದ ಶುರುವಾಗಿ ಕ್ರಮವಾಗಿ ಹರಡಬೇಕು. ಆದರೆ ಬೆಂಕಿ ಬರುವ ಮೊದಲೇ ಬಿಸಿ ಮತ್ತು ಒತ್ತಡ ತಡೆಯಲಾರದೆ ದೂರದ ಮೂಲೆಯ ಮಿಶ್ರಣ ತಾನಾಗಿಯೇ ಹೊತ್ತಿಕೊಂಡರೆ? ಪಂಕ್ತಿಯ ಕೊನೆಯಲ್ಲಿ ಕೂತವರು ಹಸಿವು ತಡೆಯದೆ ಎದ್ದು ಪಾತ್ರೆಗೇ ಕೈ ಹಾಕಿದ ಹಾಗೆ. ಆ ಗಲಾಟೆಯ ಶಬ್ದವೇ ನಾಕಿಂಗ್. ಜೋರಾಗಿ, ಬಹಳ ದಿನ ನಡೆದರೆ ಪಿಸ್ಟನ್ನಿಗೆ ಪೆಟ್ಟು.

ಹಾಗೆ ಹೊತ್ತಿಕೊಳ್ಳದೆ ಎಷ್ಟರಮಟ್ಟಿಗೆ ಕಾಯುತ್ತದೆ ಎಂಬುದರ ಅಂಕವೇ ಆಕ್ಟೇನ್ ಸಂಖ್ಯೆ. 1920ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಇದಕ್ಕೊಂದು ಅಳತೆಗೋಲು ಮಾಡಿದರು. ಐಸೊ-ಆಕ್ಟೇನ್ ಎಂಬ ದ್ರವ ಬಹಳ ತಾಳ್ಮೆಯದು, ಅದಕ್ಕೆ 100. ಎನ್-ಹೆಪ್ಟೇನ್ ಎಂಬುದು ಬೇಗ ಸಿಡಿಯುವಂಥದು, ಅದಕ್ಕೆ 0. ಯಾವುದೋ ಪೆಟ್ರೋಲು ಪರೀಕ್ಷೆಯ ಎಂಜಿನ್ನಿನಲ್ಲಿ 91 ಪಾಲು ಐಸೊ-ಆಕ್ಟೇನ್, 9 ಪಾಲು ಹೆಪ್ಟೇನ್ ಮಿಶ್ರಣದಷ್ಟೇ ತಾಳಿಕೊಂಡರೆ ಅದರ ಅಂಕ 91. ಇದರಲ್ಲಿ ಎಷ್ಟು ಶಾಖ ಅಡಗಿದೆ, ಎಷ್ಟು ಮೈಲೇಜು ಬರುತ್ತದೆ ಎಂಬ ಲೆಕ್ಕವೇ ಇಲ್ಲ.

ಹಾಗಾದರೆ ರೇಸ್ ಕಾರಿಗೆ, ವಿಮಾನಕ್ಕೆ ಹೆಚ್ಚಿನ ಆಕ್ಟೇನ್ ಏಕೆ? ತಾಳ್ಮೆ ಇದ್ದರೆ ಹೆಚ್ಚು ಒತ್ತಬಹುದು, ಹೆಚ್ಚು ಒತ್ತಿದರೆ ಹೆಚ್ಚು ಕೆಲಸ ತೆಗೆಯಬಹುದು. 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನಗಳಿಗೆ 100 ಆಕ್ಟೇನ್ ಇಂಧನ ಬಂದಾಗ ಅವುಗಳ ಮರ್ಲಿನ್ ಎಂಜಿನ್ನಿಗೆ ಬಲ ಹೆಚ್ಚಿದ್ದು ನಿಜ. ಆದರೆ ಅದು ಇಂಧನ ಬದಲಿಸಿದ ಮಾತ್ರಕ್ಕೆ ಅಲ್ಲ. ಆ ಇಂಧನದ ಭರವಸೆಯ ಮೇಲೆ ಸೂಪರ್‌ಚಾರ್ಜರಿನ ಒತ್ತಡವನ್ನೂ ಏರಿಸಿದ್ದರಿಂದ. ನಮ್ಮ ಕಾರಿನಲ್ಲಿ ಒತ್ತುವ ಪ್ರಮಾಣ, ಅಂದರೆ ಕಂಪ್ರೆಷನ್ ರೇಶಿಯೊ, ಕಾರ್ಖಾನೆಯಲ್ಲೇ ನಿಗದಿಯಾಗಿ ಬಂದಿರುತ್ತದೆ. 91ಕ್ಕೆ ಮಾಡಿದ ಎಂಜಿನ್ನಿಗೆ 100 ಹಾಕಿದರೆ, ನಾಲ್ಕು ಜಿಬಿ ಸಾಕಾಗುವ ಪ್ರೋಗ್ರಾಮಿಗೆ ಅರವತ್ತನಾಲ್ಕು ಜಿಬಿ ಮೆಮರಿ ಕೊಟ್ಟ ಹಾಗೆ. ಬಿಲ್ಲು ಬರುತ್ತದೆ, ವೇಗ ಬರುವುದಿಲ್ಲ.

ಅಪ್ಪಯ್ಯನ ಕಾರಿನ ಕೈಪಿಡಿಯಲ್ಲಿ ಕನಿಷ್ಠ 91 ಎಂದು ಸ್ಪಷ್ಟವಾಗಿ ಬರೆದಿದೆ. ಅದು ಗ್ಲೋವ್ ಬಾಕ್ಸಿನಲ್ಲೇ ಇತ್ತು. ನಾನು ತೆಗೆದು ನೋಡಿದ್ದು ಎಲ್ಲ ಮುಗಿದ ಮೇಲೆ.

ಇನ್ನು ಎಥನಾಲ್ ಮೇಲಿನ ಗುಮಾನಿ. ಎಥನಾಲಿನ ಆಕ್ಟೇನ್ ಸಂಖ್ಯೆ ನೂರಕ್ಕಿಂತ ಹೆಚ್ಚು, ಸುಮಾರು 108. ಅದನ್ನು ಬೆರೆಸಿದರೆ ಪೆಟ್ರೋಲಿನ ತಾಳ್ಮೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಭಾರತದಲ್ಲಿ ಬಿಎಸ್-2 ಕಾಲದಲ್ಲಿ 88 ಇದ್ದ ಸಂಖ್ಯೆ ಬಿಎಸ್-3ರಲ್ಲಿ 91 ಆಯಿತು. ಇ20ಯಿಂದ ಅದು 95ಕ್ಕೆ ಏರಿದೆ ಎಂದು ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟಿನಲ್ಲಿ ಹೇಳಿತು. ಎಂದರೆ, ಹತ್ತು ವರ್ಷ 91ರಲ್ಲಿ ಸದ್ದಿಲ್ಲದೆ ಓಡಿದ ಗಾಡಿ, ಪೆಟ್ರೋಲಿನ ಆಕ್ಟೇನ್ ಹೆಚ್ಚಾದ ಮೇಲೆ ಕುಟ್ಟಲು ಶುರುಮಾಡಿದೆ. ಎಲ್ಲಿಯಾದರೂ ಲೆಕ್ಕ ಕೂಡುತ್ತದೆಯೇ? ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ "ಮೂಲ ಕಾರಣ ಏನು?" ಎಂದು ಕಿರಿಯರನ್ನು ಗದರಿಸುವ ನಾನು, ನನ್ನದೇ ಗಾಡಿಯ ವಿಷಯದಲ್ಲಿ ಆ ಪ್ರಶ್ನೆ ಕೇಳಲಿಲ್ಲ.

ಹೀಗೆ ಹದಿನಾರು ವಾರ ಕಳೆಯಿತು. ವಾರಕ್ಕೆ ಸುಮಾರು 28 ಲೀಟರ್, ಲೀಟರಿಗೆ 50 ರೂಪಾಯಿ ಹೆಚ್ಚು. ಒಟ್ಟು 22,400 ರೂಪಾಯಿ. ಹೆಂಡತಿಗೆ ಈ ಲೆಕ್ಕ ಇವತ್ತಿಗೂ ಪೂರ್ತಿ ಹೇಳಿಲ್ಲ. ಅವಳು ಈ ಅಂಕಣ ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಓಣಂ ಹಬ್ಬಕ್ಕೆ ಎರಡು ವಾರ ಇತ್ತು. ಅಮ್ಮ ಮೊಮ್ಮಗಳನ್ನು ನೋಡಲು ಮಂಗಳೂರಿನಿಂದ ರೈಲಿನಲ್ಲಿ ಎರ್ನಾಕುಲಂಗೆ ಬಂದಿಳಿದರು. ಕೈಯಲ್ಲಿ ಅಪ್ಪೆಮಿಡಿಯ ಭರಣಿ, ಹಲಸಿನ ಹಪ್ಪಳದ ಕಟ್ಟು. ಮುದುಕಿಗೆ ಎಂ.ಸಿ. ರೋಡಿನ ತಿರುವು ಬೇಡ, ವಾಂತಿಯಾದೀತು ಎಂದು ಅವತ್ತು ಹೆದ್ದಾರಿ ಹಿಡಿದೆ. ಅರೂರಿನಿಂದ ತುರವೂರಿನವರೆಗೆ 12.75 ಕಿಲೋಮೀಟರ್ ಮೇಲ್ಸೇತುವೆ ಕಟ್ಟುತ್ತಿದ್ದಾರೆ. ಅದರ ಕಂಬಗಳ ಪಕ್ಕದಲ್ಲಿ ಉಳಿದ ಕಿರಿದಾದ ರಸ್ತೆಯಲ್ಲಿ ಲಾರಿ, ಬಸ್ಸು, ಕಾರು ಎಲ್ಲ ಸಾಲುಗಟ್ಟಿ ತೆವಳುತ್ತವೆ. ಮಳೆ ಬಿಟ್ಟು ಸೆಕೆ. ಮುಕ್ಕಾಲು ಗಂಟೆಯಲ್ಲಿ ಮೂರು ಕಿಲೋಮೀಟರ್ ಹೋಗಿರಬೇಕು.

ಮೊದಲು ಎಸಿಯ ಗಾಳಿ ಬೆಚ್ಚಗಾಯಿತು. ಆಮೇಲೆ ಒಂದು ಥರ ಸಿಹಿ ವಾಸನೆ. "ಏನೋ ಬೆಲ್ಲ ಕಾಯಿಸಿದ ಹಾಗೆ ವಾಸನೆ ಬರ್ತಿದ್ಯಲೋ" ಎಂದು ಅಮ್ಮ ಹೇಳುವುದಕ್ಕೂ, ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟುವುದಕ್ಕೂ, ಬಾನೆಟ್ಟಿನ ಅಂಚಿನಿಂದ ಹಬೆ ಏಳುವುದಕ್ಕೂ ಸರಿಹೋಯಿತು. ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಹಿಂದಿನ ಲಾರಿಯ ಹಾರನ್ನು. ಅಮ್ಮ ಭರಣಿಯನ್ನು ಎದೆಗವುಚಿಕೊಂಡು, "ಬೆಂಕಿ ಹತ್ತುತ್ತೇನೋ, ಇಳಿಯೋಣ್ವಾ?" ಎಂದರು. ಎಪ್ಪತ್ತು ದಾಟಿದ ಹೆಂಗಸನ್ನು ಆ ಟ್ರಾಫಿಕ್ಕಿನ ನಡುವೆ ಕೆಸರಿಗೆ ಇಳಿಸಿ, ಕೈಹಿಡಿದು ಅಂಗಡಿಯೊಂದರ ಜಗಲಿಗೆ ದಾಟಿಸಿದ ಆ ಎರಡು ನಿಮಿಷ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಗಡಿಯವರು ಅವರಿಗೆ ಸ್ಟೂಲು ಕೊಟ್ಟು, ಒಂದು ಲೋಟ ಜೀರಿಗೆ ನೀರು ಕೊಟ್ಟರು. ನಾಲ್ಕು ಜನ ಹುಡುಗರು ಎಲ್ಲಿಂದಲೋ ಬಂದು ಗಾಡಿ ತಳ್ಳಿದರು.

ಸ್ವಲ್ಪ ದೂರದಲ್ಲೇ ಒಂದು ಸಣ್ಣ ವರ್ಕ್‌ಶಾಪು. ಮೆಕ್ಯಾನಿಕ್ಕಿಗೆ ನನ್ನಷ್ಟೇ ವಯಸ್ಸು. ನಾನು ನನ್ನ ಹರುಕುಮುರುಕು ಮಲಯಾಳದಲ್ಲಿ ಏಪ್ರಿಲ್‌ನಿಂದ ಶುರುಮಾಡಿ ಇ20, ಆಕ್ಟೇನ್, ನೂರರ ಪೆಟ್ರೋಲು ಎಲ್ಲ ಒಪ್ಪಿಸಿದೆ. ಆತ ಎಂಜಿನ್ ಆರುವವರೆಗೆ ಏನನ್ನೂ ಮುಟ್ಟಲಿಲ್ಲ. ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ಬೆರಳದ್ದಿ ನನಗೆ ತೋರಿಸಿದ. ಹಸಿರೋ ಗುಲಾಬಿಯೋ ಇರಬೇಕಾದ ಕೂಲಂಟು ಕಾಫಿ ಬಣ್ಣಕ್ಕೆ ತಿರುಗಿತ್ತು.

"ಸಾರೇ, ಇದ್ ಪೆಟ್ರೋಳಿಂಡೆ ಕುಳಪ್ಪಮಲ್ಲ. ಚೂಡಿಂಡೆ ಕುಳಪ್ಪಮಾಣ್."

ಇದು ಪೆಟ್ರೋಲಿನ ತೊಂದರೆಯಲ್ಲ, ಬಿಸಿಯ ತೊಂದರೆ ಎಂದು. ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದ. ರೇಡಿಯೇಟರಿನ ಫ್ಯಾನಿನ ಮೋಟಾರು ಸೋತಿತ್ತು. ತಿರುಗುತ್ತಿತ್ತು, ಆದರೆ ಬೇಕಾದಷ್ಟಲ್ಲ. ಅದಕ್ಕೆ ಮುಂಚೆ ಜನವರಿಯಲ್ಲೋ ಫೆಬ್ರವರಿಯಲ್ಲೋ ಕೂಲಂಟು ಕಡಿಮೆಯಾಗಿದೆ ಎಂದು ನಾನು ಫ್ಲ್ಯಾಟಿನ ಬೋರ್‌ವೆಲ್ ನೀರನ್ನೇ ಎರಡು ಬಾಟಲಿ ಸುರಿದಿದ್ದೆ. ಆಮೇಲೂ ಒಂದೆರಡು ಸಲ. ಆ ನೀರು ತುಕ್ಕು, ಉಪ್ಪು ಕಟ್ಟಿಸಿ ರೇಡಿಯೇಟರಿನ ಸಣ್ಣ ನಾಳಗಳನ್ನು ಮುಚ್ಚಿತ್ತು. ಸಪಾಟು ರಸ್ತೆಯಲ್ಲಿ ಎಂಬತ್ತರಲ್ಲಿ ಹೋಗುವಾಗ ಎದುರುಗಾಳಿಯೇ ತಂಪು ಮಾಡುತ್ತದೆ, ಗೊತ್ತಾಗುವುದಿಲ್ಲ. ಬಸ್ಸಿನ ಹಿಂದೆ ನಿಧಾನವಾಗಿ ಏರು ಹತ್ತುವಾಗ ಗಾಳಿ ಇಲ್ಲ, ಫ್ಯಾನು ಇಲ್ಲ, ಎಂಜಿನ್ನಿಗೆ ದುಡಿಮೆ ಹೆಚ್ಚು. ಎಂಜಿನ್ ಕಾದಷ್ಟೂ ಒಳಗಿನ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವುದು ಸುಲಭ. ಅದಕ್ಕೇ ಏರಿನಲ್ಲಿ ಮಾತ್ರ ಕುಟ್ಟುತ್ತಿತ್ತು.

ಗಾಡಿಯಲ್ಲಿ ನಾಕ್ ಸೆನ್ಸರ್ ಎಂಬ ಪುಟ್ಟ ಕಿವಿ ಇರುತ್ತದೆ. ಎಂಜಿನ್ನಿನ ಮೈಗೆ ಅಂಟಿಕೊಂಡು, ಕುಟ್ಟುವ ಕಂಪನ ಕೇಳಿದರೆ ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರು ಕಿಡಿ ಬೀಳುವ ಹೊತ್ತನ್ನು ಸ್ವಲ್ಪ ಹಿಂದಕ್ಕೆ ತಳ್ಳುತ್ತದೆ. ಬಲ ಕಡಿಮೆಯಾದರೂ ಎಂಜಿನ್ ಉಳಿಯುತ್ತದೆ. ಆದರೆ ತಳ್ಳುವುದಕ್ಕೂ ಒಂದು ಮಿತಿ ಇದೆ. ಏಪ್ರಿಲ್‌ನಲ್ಲಿ ನನ್ನ ಕಿವಿಗೇ ಕೇಳುವಷ್ಟು ಕುಟ್ಟಿದ್ದೆಂದರೆ ಆ ಮಿತಿ ದಾಟಿತ್ತು ಎಂದರ್ಥ. ಆಗ ನಾನು ಮಾಡಿದ್ದೇನು? ಹೆಚ್ಚು ತಾಳ್ಮೆಯ ಪೆಟ್ರೋಲು ಹಾಕಿ ಶಬ್ದ ಅಡಗಿಸಿದೆ. ಬಿಸಿ ಹಾಗೆಯೇ ಇತ್ತು, ದಿನೇದಿನೇ ಏರುತ್ತಿತ್ತು. ಹೇಳುವ ಬಾಯನ್ನು ಮಾತ್ರ ಮುಚ್ಚಿದ್ದೆ.

ನನ್ನ ಕೆಲಸ ಪ್ರೊಡಕ್ಷನ್ ಸಪೋರ್ಟು. ಸರ್ವರಿನಿಂದ ರಾತ್ರಿ ಎರಡಕ್ಕೆ ಅಲರ್ಟ್ ಬರುತ್ತದೆ ಎಂದು ಅಲರ್ಟನ್ನೇ ಮ್ಯೂಟ್ ಮಾಡಿ ಮಲಗಿದ ಹುಡುಗನೊಬ್ಬನಿಗೆ ಹಿಂದಿನ ವರ್ಷ ನಾನೇ ಎರಡು ಪುಟದ ಮೇಲ್ ಬರೆದಿದ್ದೆ. ಆ ಮೇಲ್ ಈಗ ನನಗೇ ಕಳಿಸಿಕೊಳ್ಳಬೇಕು.

ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಸಿಲಿಂಡರ್ ಹೆಡ್ ಸ್ವಲ್ಪ ಬಾಗಿತ್ತು. ಬಿಚ್ಚಿ, ಲೇತಿಗೆ ಕಳಿಸಿ ಮಟ್ಟ ಮಾಡಿಸಬೇಕಾಯಿತು. ಹೊಸ ಫ್ಯಾನ್ ಮೋಟಾರು, ರೇಡಿಯೇಟರ್ ಸ್ವಚ್ಛ ಮಾಡಿದ್ದು, ಹೊಸ ಕೂಲಂಟು, ಕೂಲಿ ಎಲ್ಲ ಸೇರಿ ಇಪ್ಪತ್ತೊಂದು ಸಾವಿರ. ನೂರರ ಪೆಟ್ರೋಲಿಗೆ ಹೆಚ್ಚು ಕೊಟ್ಟಷ್ಟೇ ದುಡ್ಡು. ಏಪ್ರಿಲ್‌ನಲ್ಲೇ ಬಂದಿದ್ದರೆ ಫ್ಯಾನು, ಕೂಲಂಟು ಸೇರಿ ನಾಲ್ಕೈದು ಸಾವಿರದಲ್ಲಿ ಮುಗಿಯುತ್ತಿತ್ತು ಎಂದ ಆತ. "ಇನ್ನೊಂದು ತಿಂಗಳು ಹೀಗೇ ಓಡಿಸಿದ್ದರೆ ಎಂಜಿನ್ನೇ ಹೋಗುತ್ತಿತ್ತು" ಎಂದೂ ಸೇರಿಸಿದ.

ಅವತ್ತು ರಾತ್ರಿ ಟ್ಯಾಕ್ಸಿಯಲ್ಲಿ ಕಳಕೂಟ್ಟಂ ತಲುಪಿದ ಮೇಲೆ ಅಪ್ಪಯ್ಯನಿಗೆ ಫೋನ್ ಮಾಡಿದೆ. ಬೈಸಿಕೊಳ್ಳಲು ತಯಾರಾಗಿಯೇ ಮಾಡಿದ್ದೆ. ಅವರು ಬೈಯಲಿಲ್ಲ. "ಅಮ್ಮ ಹುಷಾರಿದ್ದಾಳಲ್ಲ?" ಎಂದು ಎರಡು ಸಲ ಕೇಳಿದರು. ಆಮೇಲೆ ಅವರ ಕಾಲದ ಕಥೆ ಹೇಳಿದರು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿ ಮಾರುವ ದಂಧೆ ಇದ್ದ ದಿನಗಳು. ಸೀಮೆಎಣ್ಣೆಯ ಆಕ್ಟೇನ್ ಬಹಳ ಕಡಿಮೆ. ಆಗುಂಬೆ ಘಾಟಿ ಹತ್ತುವಾಗ ಸ್ಕೂಟರು ಕುಟ್ಟಲು ಶುರುಮಾಡಿದರೆ ತಿರುವಿನಲ್ಲಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಟ್ಟು, ಬೀಡಿ ಸೇದಿ ಮುಂದೆ ಹೋಗುತ್ತಿದ್ದರಂತೆ. "ಕುಟ್ಟೋದು ಅಂದ್ರೆ ಗಾಡಿ ಏನೋ ಹೇಳ್ತಾ ಇದೆ ಅಂತ ಮಾರಾಯ. ಪೆಟ್ರೋಲಿಂದೋ, ಬಿಸೀದೋ, ಹತ್ತಿಸೋನ ಕೈಯಿಂದೋ, ಮೊದ್ಲು ನಿಲ್ಲಿಸಿ ನೋಡ್ಬೇಕು. ನೀನು ಅದರ ಬಾಯಿಗೆ ಬೆಣ್ಣೆ ಇಟ್ಟೆ" ಎಂದರು.

ಸರಿ, ಇಷ್ಟು ಕಲಿತ ಮೇಲೆ ನಿಮ್ಮ ಗಾಡಿಗೆ ಯಾವುದು ಹಾಕಬೇಕು ಎಂಬ ಲೆಕ್ಕಕ್ಕೆ ಬರೋಣ.

ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿ ನೋಡಿ, ಇಲ್ಲವೇ ಕೈಪಿಡಿ ತೆಗೆಯಿರಿ. ಅಲ್ಲಿ ಆರ್‌ಒಎನ್ ಎಂದು ಒಂದು ಸಂಖ್ಯೆ ಇರುತ್ತದೆ. ಭಾರತದ ಬಂಕುಗಳ ಸಂಖ್ಯೆಯೂ ಅದೇ ಅಳತೆಯದು. ಅಮೆರಿಕದಲ್ಲಿರುವ ತಮ್ಮನೋ ಭಾವನೋ "ನಮ್ಮಲ್ಲಿ 87 ಹಾಕ್ತೀವಿ, ನಿಮ್ಮದು 91 ಅಂದ್ರೆ ನಮಗಿಂತ ಒಳ್ಳೇದು" ಎಂದರೆ ನಂಬಬೇಡಿ. ಅಲ್ಲಿ ಎರಡು ಬಗೆಯ ಪರೀಕ್ಷೆಗಳ ಸರಾಸರಿ ಬರೆಯುತ್ತಾರೆ. ಅವರ 87 ನಮ್ಮ ಅಳತೆಯಲ್ಲಿ 91ರ ಆಸುಪಾಸೇ.

ಎರಡನೆಯದು, "ಕನಿಷ್ಠ" ಮತ್ತು "ಶಿಫಾರಸು" ಬೇರೆ ಬೇರೆ. ಕನಿಷ್ಠ 91 ಎಂದಷ್ಟೇ ಇದ್ದರೆ ಸಾಮಾನ್ಯ ಪೆಟ್ರೋಲು ಸಾಕು. ಕೆಲವು ಟರ್ಬೊ ಗಾಡಿಗಳಲ್ಲಿ, ಹೆಚ್ಚು ಕಂಪ್ರೆಷನ್ ಇರುವ ಎಂಜಿನ್ನುಗಳಲ್ಲಿ ಕನಿಷ್ಠ ಒಂದು, ಶಿಫಾರಸು ಅದಕ್ಕಿಂತ ಮೇಲಿನದೊಂದು ಇರುತ್ತದೆ. ಅಂಥ ಗಾಡಿಗೆ ಮೇಲಿನದನ್ನು ಹಾಕಿದರೆ ಕಂಪ್ಯೂಟರು ಕಿಡಿಯ ಹೊತ್ತನ್ನು ಮುಂದಕ್ಕೆ ತಂದು ಅದರ ಲಾಭ ಪಡೆಯುತ್ತದೆ. ಅಮೆರಿಕದ ವಾಹನ ಸವಾರರ ಸಂಘ ಎಎಎ ಇದನ್ನು ಪರೀಕ್ಷೆ ಮಾಡಿ ನೋಡಿದೆ. ಸಾಮಾನ್ಯ ಪೆಟ್ರೋಲಿಗೆಂದೇ ಮಾಡಿದ ಗಾಡಿಗಳಿಗೆ ಪ್ರೀಮಿಯಂ ಹಾಕಿದಾಗ ಬಲದಲ್ಲಾಗಲಿ ಮೈಲೇಜಿನಲ್ಲಾಗಲಿ ಹೇಳಿಕೊಳ್ಳುವ ಲಾಭವಿಲ್ಲ ಎಂದು 2016ರಲ್ಲಿ ಕಂಡುಕೊಂಡಿತು. ಪ್ರೀಮಿಯಂ ಶಿಫಾರಸು ಇದ್ದ ಗಾಡಿಗಳಲ್ಲಿ ಮೈಲೇಜು ಸರಾಸರಿ ಶೇಕಡ 2.7 ಹೆಚ್ಚಿತು ಎಂಬುದು 2017ರ ಪರೀಕ್ಷೆಯ ಫಲ. ಲೀಟರಿಗೆ ಎಷ್ಟು ಹೆಚ್ಚು ಕೊಡುತ್ತೀರಿ, ಶೇಕಡ ಎಷ್ಟು ಉಳಿಯುತ್ತದೆ, ನೀವೇ ಗುಣಿಸಿಕೊಳ್ಳಿ.

ಮೂರನೆಯದು, ಶಿಫಾರಸಿಗಿಂತ ಕಡಿಮೆ ಆಕ್ಟೇನ್ ಹಾಕಿಸುವ ಸಂದರ್ಭ ಬಂದರೆ ಗಾಬರಿ ಬೇಡ. ಎಂಜಿನ್ನಿನ ಕಿವಿ ಕಾಯುತ್ತದೆ. ಮುಂದಿನ ಬಂಕಿನವರೆಗೆ ಏರಿನಲ್ಲಿ ಒಂದು ಗೇರು ಇಳಿಸಿ, ಮೆಲ್ಲಗೆ ಓಡಿಸಿ. ಉಳಿದ ಟ್ಯಾಂಕಿಗೆ ಮೇಲಿನದನ್ನು ಸೇರಿಸಿದರೆ ಎರಡರ ನಡುವಿನ ಸಂಖ್ಯೆ ಸಿಗುತ್ತದೆ, ಬೆರೆತದ್ದರಿಂದ ಹಾನಿಯಿಲ್ಲ.

ನಾಲ್ಕನೆಯದು, ಆಕ್ಟೇನ್ ಬೇರೆ, ಎಥನಾಲ್ ಬೇರೆ. ಪ್ರೀಮಿಯಂ ಎಂದಾಕ್ಷಣ ಎಥನಾಲ್ ಇಲ್ಲ ಎಂದಲ್ಲ. ಇ20ಯ ಬಗ್ಗೆ ಹಳೆಯ ಗಾಡಿಯವರ ಚಿಂತೆ ಸುಳ್ಳೂ ಅಲ್ಲ, ಆದರೆ ಅದು ಕುಟ್ಟುವ ಚಿಂತೆಯಲ್ಲ. ಲೀಟರ್ ಲೆಕ್ಕದಲ್ಲಿ ಎಥನಾಲಿನ ಶಾಖ ಪೆಟ್ರೋಲಿನ ಮೂರನೇ ಎರಡು ಪಾಲು ಮಾತ್ರ. ಇ20ಗೆಂದು ಮಾಡಿರದ ನಾಲ್ಕು ಚಕ್ರದ ಗಾಡಿಗಳಲ್ಲಿ ಮೈಲೇಜು ಶೇಕಡ 6ರಿಂದ 7 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಹಳೆಯ ರಬ್ಬರ್ ಪೈಪು, ಸೀಲುಗಳ ಮೇಲೂ ಕಣ್ಣಿಡಬೇಕು. ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಇರಲಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು. ಹಾಗಾಗಿ ಸರ್ವಿಸ್ ಮಾಡಿಸುವಾಗ ಪೈಪುಗಳನ್ನು ನೋಡಲು ಹೇಳುವುದೇ ಸದ್ಯದ ದಾರಿ.

ಕೊನೆಯದು ನನ್ನ ಇಪ್ಪತ್ತೊಂದು ಸಾವಿರದ ಪಾಠ. ಸರಿಯಾದ ಪೆಟ್ರೋಲು ಹಾಕಿಯೂ, ಇಷ್ಟು ದಿನ ಕುಟ್ಟದ ಗಾಡಿ ಇದ್ದಕ್ಕಿದ್ದಂತೆ ಕುಟ್ಟಲು ಶುರುಮಾಡಿದರೆ ಬಂಕಿಗೆ ಹೋಗಬೇಡಿ, ಮೆಕ್ಯಾನಿಕ್ಕಿನ ಹತ್ತಿರ ಹೋಗಿ. ಕೂಲಂಟು, ರೇಡಿಯೇಟರ್ ಫ್ಯಾನು, ಸ್ಪಾರ್ಕ್ ಪ್ಲಗ್ಗು, ಸಿಲಿಂಡರಿನೊಳಗೆ ಕಟ್ಟಿಕೊಂಡ ಮಸಿ, ನಾಕ್ ಸೆನ್ಸರಿನ ವೈರು, ಇಷ್ಟನ್ನು ನೋಡಿಸಿ. ರೇಡಿಯೇಟರಿಗೆ ನಲ್ಲಿ ನೀರು, ಬಾವಿ ನೀರು ಬೇಡ.

ಕಾಕ್ಕನಾಡಿನಿಂದ ತೃಪ್ಪೂಣಿತ್ತುರ ಕಡೆಗೆ ಹೋಗುವಾಗ ಅಂಬಲಮುಗಳಿನ ಕೊಚ್ಚಿ ರಿಫೈನರಿಯ ಜ್ವಾಲೆ ರಾತ್ರಿ ದೂರದಿಂದಲೇ ಕಾಣುತ್ತದೆ. 1966ರಿಂದ ನಡೆಯುತ್ತಿರುವ ಕಾರ್ಖಾನೆ. ಈಗ ವರ್ಷಕ್ಕೆ 155 ಲಕ್ಷ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯ. ಕಚ್ಚಾತೈಲದಿಂದ ನೇರ ಬಟ್ಟಿ ಇಳಿಸಿದ ನಾಫ್ತಾದ ಆಕ್ಟೇನ್ 60-70ರ ಮಟ್ಟದ್ದು. ಅದರ ಅಣುಗಳನ್ನು ಬಿಸಿಯಲ್ಲಿ, ವೇಗವರ್ಧಕದ ಮೇಲೆ ಹಾಯಿಸಿ ರೂಪ ಬದಲಿಸಿ ಈ ಸಂಖ್ಯೆಯನ್ನು ತೊಂಬತ್ತು ದಾಟಿಸುತ್ತಾರೆ. ಒಂದು ಕಾಲದಲ್ಲಿ ಇದೇ ಕೆಲಸಕ್ಕೆ ಸೀಸ ಬೆರೆಸುತ್ತಿದ್ದರು. ಕುಟ್ಟುವುದು ನಿಂತಿತು, ಊರ ಗಾಳಿಗೆ ವಿಷ ಸೇರಿತು. ದೇಶದಾದ್ಯಂತ ಅದು ನಿಂತದ್ದು 2000ದ ಫೆಬ್ರವರಿಯಲ್ಲಿ. ಇಷ್ಟು ಶ್ರಮದಿಂದ ಗಳಿಸಿದ ಆಕ್ಟೇನನ್ನು ನಾನು ಕೆಟ್ಟ ಫ್ಯಾನಿನ ಮೇಲೆ ಹೊದಿಸುವ ಬಟ್ಟೆಯ ಹಾಗೆ ಬಳಸಿದೆ.

ಮೊನ್ನೆ ಶುಕ್ರವಾರ ಮತ್ತೆ ಎಂ.ಸಿ. ರೋಡಿನಲ್ಲಿ ಹೋದೆ. ಸಾಮಾನ್ಯ ಪೆಟ್ರೋಲು, ಎಸಿ, ಮುಂದೆ ಬಸ್ಸು, ಮೂರನೇ ಗೇರು. ಕಿಳಿಮಾನೂರಿನ ಆ ಏರಿನಲ್ಲಿ ಕಿಟಕಿ ಇಳಿಸಿ, ರೇಡಿಯೋ ಆರಿಸಿ, ಕಿವಿಗೊಟ್ಟು ಕೇಳಿದೆ. ಬಸ್ಸಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮೇಲೆ ತಲುಪಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ ಅಪ್ಪಯ್ಯನಿಗೆ ಫೋನ್ ಮಾಡಿ ಹೇಳಿದೆ.

"ಕೂಲಂಟ್ ನೋಡಿದ್ಯಾ?" ಎಂದರು. ನೋಡಿದ್ದೆ.

ನಿಮ್ಮ ಗಾಡಿಯ ಮುಚ್ಚಳದೊಳಗೆ ಯಾವ ಸಂಖ್ಯೆ ಇದೆ, ನೀವು ಹಾಕಿಸುತ್ತಿರುವುದು ಯಾವುದು ಎಂದು ನೋಡಿ ಬರೆಯಿರಿ. ಮುಂದಿನ ತಿಂಗಳು ಮತ್ತೆ ಸಿಗೋಣ.